ರಕ್ತದಲ್ಲೇ ಬಂದ ರೋಗವೇ?

ಹುಬ್ಬಳ್ಳಿಯಿಂದ ಬರೆದ ಓದುಗರಿಗೆ ನಮಸ್ಕಾರ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಿಮ್ಮ ಮಗಳ ಮನೆ ಪಕ್ಕದ ಕಪ್ಪು ಹಿರಿಯರೊಬ್ಬರು ಗ್ಲಾಕೋಮಾದಿಂದ (ಕಣ್ಣಿನಿಂದ ಮಿದುಳಿಗೆ ಹೋಗುವ ನರ ಹಾಳಾಗುವ ರೋಗ) ದೃಷ್ಟಿ ಕಳೆದುಕೊಂಡದ್ದನ್ನು ಬರೆದಿದ್ದೀರಿ. ‘ಅವರಿಗೆ ಇದು ರಕ್ತದಲ್ಲೇ ಬಂದದ್ದಂತೆ, ಹೌದಾ?’ ಎಂದು ಕೇಳಿದ್ದೀರಿ. ಆ ಮಾತನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ಅದೇ ಊರಲ್ಲಿ 40 ದಾಟಿದ 5,308 ಜನರ ಕಣ್ಣು ಪರೀಕ್ಷಿಸಿದ್ದರು. 1991ರಲ್ಲಿ ಲೆಕ್ಕ ಹೊರಬಂತು. ಕಪ್ಪು ಜನರಲ್ಲಿ ಗ್ಲಾಕೋಮಾ ಬಿಳಿಯರಿಗಿಂತ ನಾಲ್ಕೈದು ಪಟ್ಟು ಜಾಸ್ತಿ. ಅಂತರ ನಿಜ, ಮನೆತನದಲ್ಲಿದ್ದರೆ ಅಪಾಯ ಹೆಚ್ಚೆನ್ನುವುದೂ ನಿಜ. ಆದರೆ ‘ರಕ್ತದಲ್ಲೇ ಇದೆ’ ಎಂದು ಕೈಚೆಲ್ಲಿದರೆ ಮಾಡಲು ಏನೂ ಉಳಿಯುವುದಿಲ್ಲ, ಅಲ್ವಾ?

ರಕ್ತದ ಮಾತು ಇನ್ನೊಂದು ರೀತಿಯಲ್ಲಿ ಇಲ್ಲಿದೆ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನೆನಪಿಸಿಕೊಳ್ಳಿ. ಒಳಗೆ ಗಾಳಿ ತುಂಬಿದಷ್ಟೂ ಪಂಪ್ ಗಟ್ಟಿಯಾಗಿ ಒತ್ತಬೇಕು. ಕಣ್ಣೊಳಗಿನ ಒತ್ತಡ ಏರಿದರೆ ನರಕ್ಕೆ ರಕ್ತ ತಲುಪುವುದೂ ಹಾಗೇ ಕಷ್ಟ. ಬಿಪಿ ತೀರಾ ಇಳಿದರೂ ಅಷ್ಟೇ. ರಾತ್ರಿ ಮಲಗಿದಾಗ ಬಿಪಿ ಇಳಿಯುತ್ತದೆ, ಕಣ್ಣಿನ ಒತ್ತಡ ಏರುತ್ತದೆ. ಅದಕ್ಕೇ ಬಿಪಿ ಮಾತ್ರೆ ಯಾವ ಹೊತ್ತಿಗೆ ತಗೊಳ್ಳುತ್ತೀರಿ ಎಂದು ಕಣ್ಣಿನ ಡಾಕ್ಟರಿಗೆ ಹೇಳಿ. ಸುಮ್ನೆ ನೀವೇ ನಿಲ್ಲಿಸಬೇಡಿ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸಂಶೋಧಕ ಅಲೋನ್ ಹ್ಯಾರಿಸ್ ಮತ್ತು ಸಂಗಡಿಗರು ಕಣ್ಣಿನ ಹಿಂದಿನ ರಕ್ತನಾಳಗಳನ್ನು ಅಲ್ಟ್ರಾಸೌಂಡ್‌ನಿಂದ ನೋಡಿದರು. ಗ್ಲಾಕೋಮಾ ಇರುವ ಯುರೋಪ್ ಮೂಲದವರಿಗಿಂತ ಗ್ಲಾಕೋಮಾ ಇರುವ ಆಫ್ರಿಕಾ ಮೂಲದವರಲ್ಲಿ ರಕ್ತದ ಹರಿವು ಕಡಿಮೆಯಿತ್ತು. ಬಣ್ಣ ರೋಗ ತರುವುದಿಲ್ಲ. ಹರಿವು ಅಳೆಯಬಹುದಾದ ಸಂಗತಿ, ಅಳೆದರೆ ಕಾಪಾಡುವ ದಾರಿಯನ್ನೂ ಹುಡುಕಬಹುದು.

ನನ್ನನ್ನು ಹೆಚ್ಚು ಕಾಡುವುದು ಚಿಕಿತ್ಸೆಯ ಅಂತರ. ಅಮೆರಿಕದ ಹಿರಿಯರ ಸರ್ಕಾರಿ ವಿಮೆಯ ದಾಖಲೆ ನೋಡಿದ ಅಧ್ಯಯನವೊಂದು 1991ರಲ್ಲೇ ಹೇಳಿತ್ತು: ರೋಗ ಎಷ್ಟು ಜನರಲ್ಲಿದೆಯೋ ಅದಕ್ಕೆ ತಕ್ಕಷ್ಟು ಆಪರೇಷನ್ ಕಪ್ಪು ಜನರಿಗೆ ಆಗುತ್ತಿರಲಿಲ್ಲ. ನಿಮ್ಮ ಮಗಳ ನೆರೆಯವರಿಗೆ ಏನಾಯಿತೋ ನಾನು ಹೇಳಲಾರೆ. ಆದರೆ ಅವರ ಕುರುಡಿಗೆ ಬರೀ ರಕ್ತವನ್ನೇ ದೂರುವುದು ನ್ಯಾಯವಲ್ಲ.

ನಮ್ಮ ಕಡೆಯೂ ನಿಶ್ಚಿಂತೆಯಿಂದ ಇರುವಂತಿಲ್ಲ. ತಮಿಳುನಾಡಿನ ಹಳ್ಳಿಗಳ ಸಮೀಕ್ಷೆಯೊಂದರಲ್ಲಿ ಗ್ಲಾಕೋಮಾ ಇದ್ದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಅದು ಇರುವುದೇ ಗೊತ್ತಿರಲಿಲ್ಲ. ನೋವಿಲ್ಲದೆ ಅಂಚಿನಿಂದ ದೃಷ್ಟಿ ತಿಂದುಕೊಂಡು ಬರುವ ರೋಗ ಇದು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ನಿಮ್ಮ ತಂದೆಯವರಿಗೂ ಇದೇ ತೊಂದರೆ ಇತ್ತೆಂದು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ಹಾಗಾದರೆ ಈ ವಾರವೇ ಹೋಗಿ. ಕನ್ನಡಕದ ನಂಬರ್ ನೋಡಿಸಿಕೊಂಡು ಬಂದರೆ ಸಾಲದು. ಒತ್ತಡ ಅಳೆಯಲಿ, ಡ್ರಾಪ್ಸ್ ಹಾಕಿ ಕಣ್ಣಿನ ಹಿಂದಿನ ನರವನ್ನೂ ನೋಡಲಿ. ತಂದೆಯವರ ವಿಷಯ ಮೊದಲೇ ಹೇಳಿಬಿಡಿ. ನಿಮ್ಮ ತಮ್ಮನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

– ಸಂಪಾದಕ