ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು: ಈ ಸಲದ ಪ್ರಶ್ನೆಗಳು

ಪ್ರಶ್ನೆ: ಡಾಕ್ಟ್ರೇ, ನಾವು ಹುಬ್ಬಳ್ಳಿ ಕಡೆಯವರು, ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಮಗಳು 29 ವಾರಕ್ಕೇ ಹುಟ್ಟಿದಳು, ತೂಕ 1,150 ಗ್ರಾಂ. ಏಳು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಳು. ತಲೆಯ ಸ್ಕ್ಯಾನ್‌ನಲ್ಲಿ ಗ್ರೇಡ್ 1 ರಕ್ತಸ್ರಾವ ಅಂತ ಬರೆದಿದ್ದರು. ಈಗ 11 ತಿಂಗಳು. ಕೂರುತ್ತಾಳೆ, ಹಿಡಿದು ನಿಲ್ಲುವುದಿಲ್ಲ. ಪಕ್ಕದ ಮನೆಯ ಮಗು ಈ ವಯಸ್ಸಿಗೆ ಸೋಫಾ ಹಿಡಿದು ಓಡಾಡುತ್ತಿತ್ತು. ಅತ್ತೆಯವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ದಿನಾ ನೋಡುತ್ತಾರೆ. ಇವಳ ಮೆದುಳು ಸರಿಯಾಗಿ ಬೆಳೆದಿಲ್ಲವೇ?

ಉತ್ತರ: ಮೊದಲು ವಯಸ್ಸಿನ ಲೆಕ್ಕ ಸರಿಮಾಡೋಣ. ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ತಾರೀಖಿಗಿಂತ 11 ವಾರ ಮೊದಲೇ ಬಂದವಳು ಅವಳು. ಆ ಎರಡೂವರೆ ತಿಂಗಳು ಕಳೆಯಿರಿ. ಬೆಳವಣಿಗೆಯ ಲೆಕ್ಕದಲ್ಲಿ ಅವಳಿಗೆ ಈಗ ಎಂಟೂವರೆ ತಿಂಗಳು. ಆ ವಯಸ್ಸಿಗೆ ತಾನಾಗಿ ಕೂತರೆ ಸರಿಯಾಗೇ ಇದ್ದಾಳೆ, ಅಲ್ವಾ? ಎರಡು ವರ್ಷ ತುಂಬುವವರೆಗೂ ಹೀಗೇ ಎಣಿಸಿ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅಲ್ಲಿ ಏನೂ ಕಳೆಯಬೇಡಿ. ಅತ್ತೆಯವರ ಮುಂದೆಯೂ ಕ್ಯಾಲೆಂಡರ್ ಇಟ್ಟು ತೋರಿಸಿ. ನಮ್ಮ ಕ್ಲಿನಿಕ್‌ನಲ್ಲಿ ಎಷ್ಟೋ ಅಜ್ಜಿಯರು ಆ ಲೆಕ್ಕ ಕೇಳಿ ಉಸಿರು ಬಿಟ್ಟಿದ್ದನ್ನು ನೋಡಿದ್ದೇನೆ.

ಇನ್ನು ಮೆದುಳು. 28, 29 ವಾರದಲ್ಲಿ ಮಗುವಿನ ಮೆದುಳು ಬಹುಮಟ್ಟಿಗೆ ನುಣುಪಾಗಿಯೇ ಇರುತ್ತದೆ. ನಾವು ಚಿತ್ರದಲ್ಲಿ ನೋಡುವ ಮಡಿಕೆಗಳೆಲ್ಲ ಹೆಚ್ಚಾಗಿ ಮೂಡುವುದು ಕೊನೆಯ ಮೂರು ತಿಂಗಳಲ್ಲಿ. 34 ವಾರಕ್ಕೂ ಅದರ ತೂಕ ದಿನ ತುಂಬಿದ ಮಗುವಿನ ಮೆದುಳಿನ ಮೂರರಲ್ಲಿ ಎರಡು ಪಾಲಿನಷ್ಟೇ. ನರಗಳಿಗೆ ಮಯಲಿನ್ ಎಂಬ ಹೊದಿಕೆ ಹಾಕಬೇಕಾದ ಜೀವಕೋಶಗಳು ಆ ಹೊತ್ತಿಗೆ ಇನ್ನೂ ತುಂಬ ಎಳೆಯವು, ರಕ್ತದ ಹರಿವು ಏರುಪೇರಾದರೂ, ಸೋಂಕು ತಗುಲಿದರೂ ಮೊದಲು ಪೆಟ್ಟು ತಿನ್ನುವುದು ಅವೇ. ಹೊಟ್ಟೆಯೊಳಗಿನ ಕತ್ತಲಲ್ಲಿ ಆಗಬೇಕಿದ್ದ ಕೆಲಸ ನಿಮ್ಮ ಮಗಳಿಗೆ ದೀಪ, ಮಾನಿಟರಿನ ಸದ್ದು, ಸೂಜಿಗಳ ನಡುವೆ ಆಗಿದೆ. ಅದಕ್ಕೇ ಇಂಥ ಮಕ್ಕಳ ಮೇಲೆ ಜಾಸ್ತಿ ವರ್ಷ ಕಣ್ಣಿಡಬೇಕು ಅನ್ನುತ್ತೇವೆ.

ಗ್ರೇಡ್ 1 ಅನ್ನುವ ಪದಕ್ಕೆ ಅಷ್ಟು ಹೆದರಬೇಡಿ. ಮೆದುಳಿನೊಳಗೆ ನೀರು ತುಂಬಿದ ಕೋಣೆಗಳಿರುತ್ತವೆ, ಅವುಗಳ ಪಕ್ಕದ ರಕ್ತನಾಳಗಳು ಈ ಮಕ್ಕಳಲ್ಲಿ ಬಹಳ ನಾಜೂಕು. ಹೆಚ್ಚಾಗಿ ಹುಟ್ಟಿದ ಮೊದಲ ಮೂರು ದಿನದಲ್ಲೇ ಅಲ್ಲಿ ರಕ್ತ ಒಸರುತ್ತದೆ. ಕೋಣೆಯೊಳಗೆ ನುಗ್ಗದೆ ಅಲ್ಲೇ ನಿಂತರೆ ಅದು ಗ್ರೇಡ್ 1, ಸಾಮಾನ್ಯವಾಗಿ ತಾನಾಗೇ ಕರಗಿಹೋಗುತ್ತದೆ. ನಮಗೆ ಜಾಸ್ತಿ ಚಿಂತೆ ಆಗುವುದು 3 ಮತ್ತು 4ಕ್ಕೆ, ಇಲ್ಲವೇ ಮೆದುಳಿನ ಬಿಳಿ ಭಾಗ ಘಾಸಿಯಾಗಿದ್ದರೆ.

ಮನೆಯಲ್ಲೇ ಒಂದು ಕೆಲಸ ಮಾಡಿ. ಅವಳನ್ನು ಚಾಪೆಯ ಮೇಲೆ ಕೂರಿಸಿ ಕೈಗೆ ಸ್ಟೀಲ್ ಚಮಚ ಕೊಡಿ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಾಳಾ ನೋಡಿ. ಎಡಗಡೆ ಇಟ್ಟರೂ ಬಲಗೈಯನ್ನೇ ಚಾಚಿ ತೆಗೆದುಕೊಂಡು, ಎಡಗೈ ಸುಮ್ನೆ ಮುಷ್ಟಿ ಕಟ್ಟಿಕೊಂಡು ಬಿದ್ದಿದ್ದರೆ ಅದು ಚುರುಕುತನ ಅಲ್ಲ, ಇಷ್ಟು ಚಿಕ್ಕ ವಯಸ್ಸಿಗೆ ಒಂದೇ ಕೈ ಬಳಸಬಾರದು. ಡೈಪರ್ ಬದಲಿಸುವಾಗ ಕಾಲು ಬಿಗಿಯಾಗಿ, ಅಗಲಿಸಲು ಕಷ್ಟವಾಗಿ, ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತದೆಯೇ ಅನ್ನುವುದನ್ನೂ ಗಮನಿಸಿ. ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಫಿಸಿಯೋಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು. ಕಾಣದಿದ್ದರೆ ನೆಲದ ಮೇಲೆ ಆಡಲು ಬಿಡಿ. ವಾಕರ್ ತರಬೇಡಿ, ಯಾರಾದರೂ ಉಡುಗೊರೆ ಕೊಟ್ಟರೂ ಬಳಸಬೇಡಿ. ಆಸ್ಪತ್ರೆಯಲ್ಲೇ ಕಣ್ಣಿನ ರೆಟಿನಾ ಪರೀಕ್ಷೆ ಆಗಿರಬೇಕು, ಆ ಚೀಟಿ ಹುಡುಕಿ ಫೈಲಿನಲ್ಲಿಡಿ.

ಪ್ರಶ್ನೆ: ಮಗ 27 ವಾರಕ್ಕೆ ಹುಟ್ಟಿದವನು, ಈಗ 8 ವರ್ಷ, ಮೂರನೇ ಕ್ಲಾಸು. ಮಾತು, ನೆನಪು ಎಲ್ಲ ಚೆನ್ನಾಗಿದೆ. ಆದರೆ ಲೆಕ್ಕ ಬರುವುದಿಲ್ಲ, ಬೋರ್ಡ್ ನೋಡಿ ಬರೆಯುವುದು ಮುಗಿಯುವುದೇ ಇಲ್ಲ. ಟೀಚರ್ ‘ಆಲಸಿ’ ಅನ್ನುತ್ತಾರೆ. (ಡೊಂಬಿವಲಿ)

ಉತ್ತರ: ಅವನು ಆಲಸಿಯಲ್ಲ. ಈ ಮಾತನ್ನು ಟೀಚರಿಗೆ ನೀವೇ ಹೋಗಿ ಹೇಳಬೇಕು, ಜೊತೆಗೆ ಅವನ ಹುಟ್ಟಿನ ಕಥೆಯನ್ನೂ ಹೇಳಬೇಕು, ಯಾಕೆಂದರೆ ಎಷ್ಟೋ ತಂದೆ ತಾಯಂದಿರು ಅದನ್ನು ಶಾಲೆಯಲ್ಲಿ ಬಾಯಿ ಬಿಡುವುದೇ ಇಲ್ಲ, ಮಗು ನಡೆಯಿತು, ಮಾತಾಡಿತು, ಇನ್ನು ಮುಗಿಯಿತು ಅಂದುಕೊಂಡು ಫೈಲನ್ನು ಕಪಾಟಿನ ಮೇಲೆ ಹಾಕಿಬಿಡುತ್ತಾರೆ. ಆದರೆ ಬಹಳ ಬೇಗ ಹುಟ್ಟಿದ ಮಕ್ಕಳ ಸಣ್ಣ ತೊಂದರೆಗಳು ಕಾಣಿಸಿಕೊಳ್ಳುವುದೇ ಶಾಲೆಯಲ್ಲಿ. ಬೋರ್ಡ್ ನೋಡಿ ಬರೆಯುವುದನ್ನೇ ತೆಗೆದುಕೊಳ್ಳಿ. ಕಣ್ಣು ಎತ್ತಬೇಕು, ನಾಲ್ಕು ಅಂಕಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು, ಕಣ್ಣು ಇಳಿಸಿ ಪುಸ್ತಕದಲ್ಲಿ ಜಾಗ ಹುಡುಕಬೇಕು, ಸಾಲು ಬಿಡದೆ ಬರೆಯಬೇಕು. ನಮಗೆ ಇದು ಒಂದೇ ಕೆಲಸ, ಅವನಿಗೆ ನಾಲ್ಕು.

ಪುಣೆಯ ಕೆಇಎಂ ಆಸ್ಪತ್ರೆಯವರು 1987ರಿಂದ 89ರ ನಡುವೆ ಎರಡು ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳನ್ನು 18 ವರ್ಷದವರೆಗೂ ಕೈಬಿಡದೆ ನೋಡಿದರು. ಆ ಮಕ್ಕಳ ಐಕ್ಯೂ ಸರಾಸರಿಯಲ್ಲಿ ಉಳಿದವರಿಗಿಂತ ಕಡಿಮೆ, ಆದರೂ ಸಾಮಾನ್ಯ ಮಿತಿಯೊಳಗೇ ಇತ್ತು. 12ನೇ ವಯಸ್ಸಿನಲ್ಲಿ ಎದ್ದು ಕಂಡದ್ದು ಗಣಿತ, ಓದು, ಕಣ್ಣು-ಕೈ ಹೊಂದಾಣಿಕೆಯ ತೊಂದರೆ. ನಿಮ್ಮ ಮಗನ ಕಥೆಯೇ ಅಲ್ವಾ? ಸರಾಸರಿ ಅಂದರೆ ನಿಮ್ಮ ಮಗನ ಅಂಕ ಅಂತ ಅಲ್ಲ. ಅವನನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು, ಎಂಟು ವರ್ಷ ಅದಕ್ಕೆ ಸರಿಯಾದ ವಯಸ್ಸು. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಕಲಿಕೆಯ ತೊಂದರೆಗೆಂದೇ ಕ್ಲಿನಿಕ್ ಇದೆ. ಸರ್ಟಿಫಿಕೇಟ್ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಅಲ್ಲಿಯವರೆಗೆ ಚೌಕುಳಿ ಪುಸ್ತಕ ಕೊಡಿಸಿ, ಒಂದು ಚೌಕಕ್ಕೆ ಒಂದು ಅಂಕಿ. ಹತ್ತು ಲೆಕ್ಕದ ಬದಲು ನಾಲ್ಕು ಮಾಡಿಸಿ. ಮುಂದಿನ ಬೆಂಚಿನಲ್ಲಿ ಕೂರಿಸಲು ಕೇಳಿ.

ಪ್ರಶ್ನೆ: 30 ವಾರಕ್ಕೆ ಹುಟ್ಟಿದ ಮಗನಿಗೆ ಎರಡು ವರ್ಷ ಮೂರು ತಿಂಗಳು. ಆರೇಳು ಪದ ಮಾತ್ರ ಆಡುತ್ತಾನೆ. ಮನೆಯಲ್ಲಿ ಕನ್ನಡ, ಕೆಳಗೆ ಆಡುವಾಗ ಮರಾಠಿ. ಕನ್ನಡ ಬಿಟ್ಟು ಒಂದೇ ಭಾಷೆ ಮಾತಾಡಿ ಅನ್ನುತ್ತಾರೆ ಎಲ್ಲರೂ. (ಚಿಂಚ್‌ವಾಡ್)

ಉತ್ತರ: ದಯವಿಟ್ಟು ಬಿಡಬೇಡಿ. ಎರಡು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ನಿಮಗೆ ಲಾಲಿ ಹಾಡಲು, ರೇಗಲು, ಮುದ್ದು ಮಾಡಲು ಬರುವ ಭಾಷೆಯಲ್ಲೇ ಮಗು ಹೆಚ್ಚು ಮಾತು ಕೇಳುವುದು. ಅಜ್ಜಿ ಫೋನಿನಲ್ಲಿ ಮಾತಾಡುವುದೂ ಅದರಲ್ಲೇ ತಾನೇ.

ಆದರೆ ಈ ವಯಸ್ಸಿಗೆ ಆರೇಳು ಪದ ಕಡಿಮೆಯೇ, ಕನ್ನಡ ಮರಾಠಿ ಎರಡರ ಪದಗಳನ್ನೂ ಕೂಡಿಸಿ ಎಣಿಸಿದರೂ. ಭಾಷೆಯ ಮೇಲೆ ಹಾಕಿ ಕೂರಬೇಡಿ. ಮೊದಲು ಕಿವಿ ತೋರಿಸಿ. ಹುಟ್ಟಿದಾಗಿನ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಎನ್‌ಐಸಿಯುನಿಂದ ಬಂದ ಮಕ್ಕಳಿಗೆ ಇನ್ನೊಮ್ಮೆ ಮಾಡಿಸಬೇಕು. ಬೆರಾ ಪರೀಕ್ಷೆ ಅಂತ ಕೇಳಿ, ಸದ್ದಿಗೆ ಕಿವಿಯ ನರ ಮತ್ತು ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಪರೀಕ್ಷೆ ಅದು. ಅದೇ ವಾರ ಸ್ಪೀಚ್ ಥೆರಪಿಸ್ಟ್ ಬಳಿಯೂ ಹೆಸರು ಬರೆಸಿ, ಒಂದರ ರಿಪೋರ್ಟ್ ಬರುವವರೆಗೆ ಇನ್ನೊಂದಕ್ಕೆ ಕಾಯಬೇಡಿ.