ರೆಕ್ಕೆ ತಿರುಗುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ!

ಪ್ರಶ್ನೆ: 500 ವ್ಯಾಟ್ ಎಂದು ಬರೆದಿದ್ದ ಗಾಳಿಯಂತ್ರ ತಂದು ತಾರಸಿ ಮೇಲೆ ನಿಲ್ಲಿಸಿದ್ದೇನೆ. ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಮೀಟರ್. ದಿನವಿಡೀ ತಿರುಗುತ್ತಲೇ ಇರುತ್ತದೆ. ಆದರೆ 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನವಾದರೂ ತುಂಬುವುದಿಲ್ಲ. ಯಂತ್ರ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಆ 500 ವ್ಯಾಟ್ ಎಷ್ಟು ವೇಗದ ಗಾಳಿಗೆ ಅಂತ ಅದೇ ಲೇಬಲ್ಲಿನಲ್ಲಿ ಹುಡುಕಿ. ಸಾಮಾನ್ಯವಾಗಿ ಸೆಕೆಂಡಿಗೆ 12 ಮೀಟರ್ ಆಸುಪಾಸು ಇರುತ್ತದೆ, ಅಂದರೆ ಗಂಟೆಗೆ 43 ಕಿಲೋಮೀಟರ್. ಒಣಗಲು ಹಾಕಿದ ಬಟ್ಟೆ ಕ್ಲಿಪ್ಪು ಸಮೇತ ಹಾರಿಹೋಗುವಂಥ ಗಾಳಿ ಅದು. ದಿನಾ ಬೀಸುವುದು ಅದಲ್ಲ, ಅಲ್ವಾ?

ವೇಗ ಅರ್ಧವಾದರೆ ಕರೆಂಟೂ ಅರ್ಧ ಸಿಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಿಮ್ಮ ರೆಕ್ಕೆ ಸುತ್ತುವ ವೃತ್ತ ಸುಮಾರು 1.77 ಚದರ ಮೀಟರ್. ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಆ ವೃತ್ತ ಹಾದು ಹೋಗುವ ಗಾಳಿಯಲ್ಲಿರುವುದೇ 68 ವ್ಯಾಟ್. ಅದರಲ್ಲಿ ಶೇ. 59.3ಕ್ಕಿಂತ ಹೆಚ್ಚು ಯಾವ ಯಂತ್ರವೂ ಎಳೆದುಕೊಳ್ಳಲಾರದು, ಇದನ್ನು ಬೆಟ್ಜ್ ಮಿತಿ ಅನ್ನುತ್ತಾರೆ. ಸಣ್ಣ ಯಂತ್ರಕ್ಕೆ ಶೇ. 30 ಸಿಕ್ಕರೆ ಪುಣ್ಯ. ಅಂದರೆ 20 ವ್ಯಾಟ್, ಒಂದೂವರೆ ಆಂಪಿಯರ್ ಚಿಲ್ಲರೆ. ಅರ್ಧ ಖಾಲಿಯಾದ ನಿಮ್ಮ ಬ್ಯಾಟರಿ ತುಂಬಲು ಗಾಳಿ ಒಂದು ನಿಮಿಷವೂ ನಿಲ್ಲದೆ 30 ಗಂಟೆಗೂ ಹೆಚ್ಚು ಬೀಸಬೇಕು.

ಇನ್ನೊಂದು ವಿಷಯ. ತಿರುಗುವುದು ಬೇರೆ, ಚಾರ್ಜ್ ಆಗುವುದು ಬೇರೆ. ಯಂತ್ರದ ವೋಲ್ಟೇಜು ಬ್ಯಾಟರಿಯ ವೋಲ್ಟೇಜನ್ನು ದಾಟುವವರೆಗೆ ಒಂದು ಹನಿ ಕರೆಂಟೂ ಒಳಗೆ ಹೋಗುವುದಿಲ್ಲ, ರೆಕ್ಕೆ ಸುಮ್ನೆ ಆಟ ಆಡುತ್ತಿರುತ್ತದೆ. ಕರೆಂಟು ಎಷ್ಟು ಹರಿಯುತ್ತಿದೆ ಎಂದು ಅಳೆಯುವ ಆಮ್ಮೀಟರ್ ಒಂದು ಹಾಕಿ ನೋಡಿ, ಆಗ ನಿಜ ಗೊತ್ತಾಗುತ್ತದೆ.

ಇನ್ನು ತಾರಸಿ. ನನ್ನ ಮಟ್ಟಿಗೆ ಗಾಳಿಯಂತ್ರಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಗೋಡೆಗೆ ಬಡಿದ ಗಾಳಿ ಮೇಲೆದ್ದು ಸುಳಿಸುಳಿಯಾಗಿ ಬರುತ್ತದೆ, ಯಂತ್ರ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಮುಖ ತಿರುಗಿಸುತ್ತಲೇ ಕಾಲ ಕಳೆಯುತ್ತದೆ, ಜೊತೆಗೆ ಅದರ ಗುಂಯ್‌ಗುಡುವಿಕೆ ಕಂಬದ ಮೂಲಕ ಇಳಿದು ಮಲಗುವ ಕೋಣೆಯ ತನಕ ಬರುತ್ತದೆ. ಸುತ್ತ 150 ಮೀಟರ್ ಒಳಗಿನ ಮರ, ಕಟ್ಟಡಗಳಿಗಿಂತ ರೆಕ್ಕೆ 9 ಮೀಟರ್ ಮೇಲಿರಬೇಕು ಅನ್ನುವುದು ಹಳೆಯ ಲೆಕ್ಕ. ಇದಕ್ಕೆ ನೆಲದಿಂದಲೇ ಎದ್ದ, ಗೈ ವೈರ್ (ನಾಲ್ಕೂ ಕಡೆ ಎಳೆದು ಹಿಡಿಯುವ ತಂತಿ) ಕಟ್ಟಿದ, ರಿಪೇರಿಗೆ ಮಲಗಿಸಲು ಬರುವ ಕಂಬವೇ ಸರಿ. ಕಂಬಕ್ಕೆ ಖರ್ಚು ಮಾಡುವ ಮೊದಲು ಒಂದು ಗಾಳಿಪಟ ಹಾರಿಸಿ, ಅದರ ದಾರದುದ್ದಕ್ಕೂ ಅಲ್ಲಲ್ಲಿ ರಿಬ್ಬನ್ ಕಟ್ಟಿ. ಎಷ್ಟು ಎತ್ತರದಲ್ಲಿ ರಿಬ್ಬನ್ ಒದ್ದಾಡುವುದು ಬಿಟ್ಟು ನೇರ ಹಾರುತ್ತದೋ ಅದಕ್ಕಿಂತ ಕೆಳಗೆ ಯಂತ್ರ ಇಡಬೇಡಿ.

ಪ್ರಶ್ನೆ: ಮನೆಯಲ್ಲಿ ಸೋಲಾರ್ ಚಾರ್ಜ್ ಕಂಟ್ರೋಲರ್ ಇದೆ. ಗಾಳಿಯಂತ್ರದ ತಂತಿಯನ್ನೂ ಅದಕ್ಕೇ ಕೊಡಬಹುದೇ?

ಉತ್ತರ: ಬೇಡ. ಬ್ಯಾಟರಿ ತುಂಬಿದಾಗ ಸೋಲಾರ್ ಕಂಟ್ರೋಲರ್ ಪ್ಯಾನೆಲ್ಲಿನ ಸಂಪರ್ಕ ಕಡಿದು ಹಾಕುತ್ತದೆ. ಪ್ಯಾನೆಲ್ಲಿಗೆ ಅದರಿಂದ ಏನೂ ಆಗುವುದಿಲ್ಲ, ಬಿಸಿಲಿಗೆ ತೆಪ್ಪಗೆ ಬಿದ್ದಿರುತ್ತದೆ. ಗಾಳಿಯಂತ್ರ ಹಾಗಲ್ಲ. ಭಾರ (ಅದರಿಂದ ಕರೆಂಟು ಎಳೆದುಕೊಳ್ಳುವ ಬ್ಯಾಟರಿ) ತಪ್ಪಿದ ಕೂಡಲೇ ಹಗ್ಗ ಬಿಚ್ಚಿದ ಹೋರಿಯಂತೆ ಓಡುತ್ತದೆ, ವೋಲ್ಟೇಜು ಎಲ್ಲೆಲ್ಲಿಗೋ ಏರುತ್ತದೆ, ಗಾಳಿ ಜೋರಾಗಿದ್ದರೆ ರೆಕ್ಕೆಯೇ ಕಿತ್ತುಬರಬಹುದು. ನಾನೇ ಒಮ್ಮೆ ಆತುರಕ್ಕೆ ಬಿದ್ದು ಯಂತ್ರ ತಿರುಗುತ್ತಿದ್ದಾಗಲೇ ಬ್ಯಾಟರಿಯ ತಂತಿ ಬಿಚ್ಚಿದೆ. ಒಂದು ಚಟ್ ಸದ್ದು, ಸುಟ್ಟ ವಾಸನೆ, ಕಂಟ್ರೋಲರ್ ಮುಗಿಯಿತು.

ಇದಕ್ಕೆ ಡಂಪ್ ಲೋಡ್ ಇರುವ ಕಂಟ್ರೋಲರ್ ಬೇಕು. ಬ್ಯಾಟರಿ ತುಂಬಿದ ಮೇಲೆ ಅದು ಹೆಚ್ಚಾದ ಕರೆಂಟನ್ನು ದೊಡ್ಡ ರೆಸಿಸ್ಟರಿಗೆ ಕಳಿಸಿ ಬಿಸಿಯಾಗಿ ಕಳೆಯುತ್ತದೆ. ನಿಲ್ಲಿಸಲು ಬ್ರೇಕ್ ಸ್ವಿಚ್ಚೂ ಇರಲಿ: ಯಂತ್ರದಿಂದ ಬರುವ ಮೂರು ತಂತಿಯನ್ನು ಒಂದಕ್ಕೊಂದು ಶಾರ್ಟ್ ಮಾಡಿದರೆ ರೆಕ್ಕೆ ನಿಧಾನವಾಗುತ್ತದೆ. ಬಿರುಗಾಳಿ ಶುರುವಾದ ಮೇಲೆ ಇದನ್ನು ಮಾಡಬೇಡಿ, ಯಂತ್ರದೊಳಗಿನ ತಂತಿಸುರುಳಿ (ವೈಂಡಿಂಗ್) ಸುಡಬಹುದು, ಗಾಳಿ ಕಡಿಮೆ ಇರುವಾಗಲೇ ಹಾಕಿಬಿಡಿ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್ ಮರೆಯಬೇಡಿ. ಆದರೆ ತೀರಾ ಚಿಕ್ಕದು ಬೇಡ, ಅದು ಹಾರಿದರೂ ಯಂತ್ರದ ಭಾರ ತಪ್ಪಿದ ಹಾಗೇ.

ಪ್ರಶ್ನೆ: ಕಂಬದಿಂದ ಬ್ಯಾಟರಿಗೆ 20 ಮೀಟರ್ ದೂರ. 12 ವೋಲ್ಟ್ ಸಾಕೇ, 24 ಬೇಕೇ?

ಉತ್ತರ: 24. ಹೋಗಿಬರುವ ತಂತಿ ಸೇರಿ 40 ಮೀಟರ್. 6 ಚದರ ಮಿಲಿಮೀಟರ್ ತಾಮ್ರದಲ್ಲಿ ಡಿಸಿ ಕಳಿಸುತ್ತೀರಿ ಅಂದುಕೊಳ್ಳಿ, ರೆಸಿಸ್ಟೆನ್ಸು ಸುಮಾರು 0.12 ಓಮ್. 12 ವೋಲ್ಟಿನಲ್ಲಿ 20 ಆಂಪಿಯರ್ ಹರಿದರೆ ತಂತಿಯಲ್ಲೇ 48 ವ್ಯಾಟ್ ಹೋಯಿತು. ಅಷ್ಟೇ ಶಕ್ತಿ 24 ವೋಲ್ಟಿನಲ್ಲಿ 10 ಆಂಪಿಯರ್ ಆಗಿ ಬಂದರೆ ನಷ್ಟ 12 ವ್ಯಾಟ್. ಯಂತ್ರವೂ 24 ವೋಲ್ಟಿನದೇ ಆಗಿರಬೇಕು, ನೆನಪಿರಲಿ.

ಪ್ರಶ್ನೆ: ಹಳೆಯ ಕಾರಿನ ಆಲ್ಟರ್ನೇಟರಿಗೆ ರೆಕ್ಕೆ ಕಟ್ಟಿದರೆ ಆಗುತ್ತದೆಯೇ? ಅಥವಾ ಇದೆಲ್ಲ ಬಿಟ್ಟು ಸೋಲಾರ್ ಹಾಕಿಸಲೇ?

ಉತ್ತರ: ಆಲ್ಟರ್ನೇಟರಿಗೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಬೇಕು, ರೆಕ್ಕೆ ಸುತ್ತುವುದು ಕೆಲವು ನೂರು. ಸಾಲದ್ದಕ್ಕೆ ಅದರೊಳಗೆ ಅಯಸ್ಕಾಂತದ ಕೆಲಸ ಮಾಡುವ ಫೀಲ್ಡ್ ಕಾಯಿಲಿಗೆ ಬ್ಯಾಟರಿಯಿಂದಲೇ ಕರೆಂಟು ಕೊಡಬೇಕು, ಕಡಿಮೆ ಗಾಳಿಯಲ್ಲಿ ಅದು ತುಂಬುವ ಬದಲು ಖಾಲಿ ಮಾಡುತ್ತದೆ. ಕೈಯಲ್ಲೇ ಮಾಡುವ ಹುಚ್ಚಿದ್ದರೆ ಪರ್ಮನೆಂಟ್ ಮ್ಯಾಗ್ನೆಟ್ ಇರುವ ಡಿಸಿ ಮೋಟಾರು ಹುಡುಕಿ (ರೆಕ್ಕೆ ಅದನ್ನು ತಿರುಗಿಸಿದರೆ ಅದೇ ಕರೆಂಟು ಕೊಡುತ್ತದೆ), ಕರೆಂಟು ಹಿಂದಕ್ಕೆ ಹರಿಯದ ಹಾಗೆ ಒಂದು ಡಯೋಡ್ ಹಾಕಿ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಎಂಬ ಮೇಷ್ಟ್ರು 1887ರಲ್ಲೇ ಬಟ್ಟೆಯ ರೆಕ್ಕೆ ಕಟ್ಟಿ, ಬ್ಯಾಟರಿ ತುಂಬಿಸಿ, ಮನೆಗೆ ದೀಪ ಹಚ್ಚಿದ್ದರು.

ಸೋಲಾರ್ ವಿಷಯಕ್ಕೆ ಬಂದರೆ, ವರ್ಷದ ಸರಾಸರಿ ಗಾಳಿ ಸೆಕೆಂಡಿಗೆ 4 ಮೀಟರ್ ಕೂಡ ಇಲ್ಲದ ಜಾಗಕ್ಕೆ ನಾನಂತೂ ಪ್ಯಾನೆಲ್ಲೇ ಹೇಳುವುದು. ಮೋಡ ಕವಿದ ದಿನಗಳಲ್ಲೇ ಗಾಳಿ ಜಾಸ್ತಿ ಬೀಸುವ ಕಡೆ ಎರಡನ್ನೂ ಇಡಿ, ಕಂಟ್ರೋಲರ್ ಮಾತ್ರ ಬೇರೆ ಬೇರೆ ಇರಲಿ.