ಹಕ್ಕಲು ಆಯುವವರನ್ನು ತಡೆಯಲೇ?

ಪ್ರಶ್ನೆ: ಅಕ್ಕಾ, ಕುಷ್ಟಗಿ ಕಡೆ ನಮ್ಮದು ಮಸಾರಿ ಹೊಲ, ಮುಂಗಾರಿಗೆ ಶೇಂಗಾ. ಬಳ್ಳಿ ಕಿತ್ತು ಮುಗಿಯುವುದೇ ತಡ, ಊರಿನ ಹೆಂಗಸರು, ಮಕ್ಕಳು ಹಕ್ಕಲು, ಅಂದರೆ ನೆಲದಲ್ಲಿ ಉಳಿದ ಕಾಯಿ, ಆಯಲು ಬರುತ್ತಾರೆ. ಅವರಲ್ಲಿ ಅರ್ಧದಷ್ಟು ಜನ ನಮ್ಮಲ್ಲೇ ಕೂಲಿಗೆ ಬಳ್ಳಿ ಕಿತ್ತವರು. ಆಮೇಲೆ ಆಯ್ದುಕೊಳ್ಳಲೆಂದೇ ಕಾಯಿಯನ್ನು ನೆಲದಲ್ಲಿ ಬಿಟ್ಟು ಕೀಳುತ್ತಾರೇನೋ ಎಂದು ನನಗೆ ಅನುಮಾನ. ಈ ಸಲ ಅರ್ಧ ಪಾಲು ಕೊಡಿ, ಇಲ್ಲವಾದರೆ ಬರಬೇಡಿ ಎನ್ನೋಣವೆಂದರೆ ಅವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?

ಉತ್ತರ: ತಮ್ಮಾ, ಮೊದಲು ಅನುಮಾನದ ಮಾತು. ಕಿತ್ತ ಬಳ್ಳಿಯೊಂದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ. ಬುಡದಲ್ಲಿ ದಾರದಂತೆ ಬರೀ ತೊಟ್ಟುಗಳು ಜೋತಾಡುತ್ತಿದ್ದರೆ ಕಾಯಿ ಹರಿದು ನೆಲದಲ್ಲೇ ಉಳಿದಿದೆ ಎಂದರ್ಥ. ಅದು ಕೂಲಿಯವರ ಕೈವಾಡವಲ್ಲ. ಬೆಳೆ ಬಲಿತು ಹೆಚ್ಚು ದಿನವಾದರೆ ತೊಟ್ಟು ಸೊರಗುತ್ತದೆ. ಮಳೆ ಹೋಗಿ ಮಸಾರಿ ಒಣಗಿದರೆ ಮಣ್ಣು ಕಾಯಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡೂ ಸೇರಿದರೆ ಎಂಥ ಪಳಗಿದ ಕೈ ಕಿತ್ತರೂ ಕಾಯಿ ಉಳಿಯುತ್ತದೆ. ನಾಲ್ಕು ಕಾಯಿ ಒಡೆದು ನೋಡಿ; ಸಿಪ್ಪೆಯ ಒಳಮೈ ಕಂದು ಬಣ್ಣಕ್ಕೆ ತಿರುಗಿದ್ದರೆ ತಡ ಮಾಡದೆ, ನೆಲದಲ್ಲಿ ಹಸಿ ಇರುವಾಗಲೇ ಕೀಳಿಸಿ. ನೀರಿನ ಅನುಕೂಲವಿದ್ದರೆ ಕೀಳುವ ಮುಂಚೆ ತೆಳುವಾಗಿ ಹಾಯಿಸಿ. ನಿಮ್ಮ ನಷ್ಟ ಕಡಿಮೆಯಾಗುವುದು ಇದರಿಂದಲೇ ಹೊರತು ಜನರನ್ನು ತಡೆಯುವುದರಿಂದಲ್ಲ.

ಹೊಲ ನಿಮ್ಮದು, ಬೇಡ ಎನ್ನುವ ಅಧಿಕಾರವೂ ನಿಮ್ಮದೇ. ಈ ಜಗಳ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಇಂಗ್ಲೆಂಡಿನಲ್ಲಿ ಮೇರಿ ಹೌಟನ್ ಎಂಬಾಕೆ ಸ್ಟೀಲ್ ಎಂಬವರ ಹೊಲದಲ್ಲಿ ತೆನೆ ಆಯ್ದದ್ದು ಕೋರ್ಟಿನವರೆಗೆ ಹೋಗಿ, ಹಕ್ಕಲು ಆಯಲು ಯಾರಿಗೂ ಕಾನೂನಿನ ಹಕ್ಕಿಲ್ಲವೆಂದು 1788ರಲ್ಲಿ ತೀರ್ಪಾಯಿತು. ಹಾಗಿದ್ದರೂ ಅಲ್ಲಿನ ಹಳ್ಳಿಗಳಲ್ಲಿ ರೂಢಿ ನಿಲ್ಲಲಿಲ್ಲ. ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದ ಮೇಲೆಯೇ ಎಲ್ಲರೂ ಹೊಲಕ್ಕೆ ಇಳಿಯಬೇಕಿತ್ತು, ಸಂಜೆಯ ಗಂಟೆಗೆ ಏಳಬೇಕಿತ್ತು. ಗಟ್ಟಿಮುಟ್ಟಾದವರು ನಸುಕಿನಲ್ಲೇ ಬಂದು ಬಾಚಿಕೊಂಡು ಹೋಗಿ, ಮುದುಕಿಯರಿಗೆ, ಕೈಗೂಸಿನ ತಾಯಂದಿರಿಗೆ ಏನೂ ಸಿಗದಂತೆ ಆಗಬಾರದೆಂದು ಈ ಕಟ್ಟಳೆ.

ನೀವೂ ಹಾಗೆ ಒಂದು ಕಟ್ಟು ಮಾಡಿ. ಬಳ್ಳಿಯ ಬಣವೆ ಹೊಲದಿಂದ ಮನೆಗೆ ಬರಲಿ. ಒಮ್ಮೆ ಕುಂಟೆ ಹೊಡೆಸಿ, ಮೇಲೆದ್ದ ಕಾಯಿಯನ್ನು ಕೂಲಿ ಕೊಟ್ಟು ನಿಮಗಾಗಿ ಆರಿಸಿಕೊಳ್ಳಿ. ಅದಾದ ಮೇಲೆ ಇಂಥ ದಿನ ಬನ್ನಿ, ಬದುವಿನಾಚೆಯ ಬೆಳೆಗೆ ಕಾಲಿಡಬೇಡಿ ಎಂದು ಹೇಳಿಬಿಡಿ. ಆ ದಿನ ಯಾವುದೆಂದು ನಿಮ್ಮ ಅವ್ವನೇ ಹೇಳಲಿ. ಮಾತು ಬಿಟ್ಟವರು ಮಾತಾಡಲು ಅಷ್ಟು ಸಾಕು.

ಅರ್ಧ ಪಾಲಿನ ಯೋಚನೆ ಮಾತ್ರ ಖಂಡಿತ ಬೇಡ. ಕುಕ್ಕರಗಾಲಿನಲ್ಲಿ ಕುಳಿತು, ಕುರುಪಿಯಿಂದ ಗಟ್ಟಿ ಮಣ್ಣು ಕೆದಕಿ ಒಂದೊಂದೇ ಕಾಯಿ ಹೆಕ್ಕುವ ಕೆಲಸ ಅದು. ನಾನೂ ತವರಿನಲ್ಲಿ ಅವ್ವನ ಹಿಂದೆ ಹಕ್ಕಲು ಆಯ್ದವಳು. ಮಧ್ಯಾಹ್ನದ ಹೊತ್ತಿಗೆ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ತುಂಬಿ ಉರಿಯುತ್ತಿತ್ತು, ಉಡಿ ಮಾತ್ರ ಅರ್ಧವೂ ತುಂಬಿರುತ್ತಿರಲಿಲ್ಲ. ಅದರಲ್ಲಿ ಪಾಲು ಕೇಳಿದರೆ ನೀವು ಕೂಲಿ ಕೊಡದೆ ಆಳು ಹಚ್ಚಿದಂತೆ. ಆ ಕಾಯಿ ಅವರ ಮನೆಯಲ್ಲಿ ಶೇಂಗಾ ಹಿಂಡಿಯಾಗುತ್ತದೆ, ದೀಪಾವಳಿಗೆ ಒಂದಿಷ್ಟು ಹೋಳಿಗೆಯಾಗುತ್ತದೆ.

ಇನ್ನೊಂದು ಮಾತನ್ನು ಆಯಲು ಬಂದವರಿಗೆ ತಪ್ಪದೆ ಹೇಳಿ. ನೆಲದಲ್ಲಿ ಹೆಚ್ಚು ದಿನ ಉಳಿದ ಕಾಯಿಗೆ ಗೆದ್ದಲು ತೂತು ಕೊರೆದಿರುತ್ತದೆ, ಬೂಷ್ಟು ಹಿಡಿದಿರುತ್ತದೆ. ಹಸಿರು ಬೂಷ್ಟಿನ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ಹೋಗುವುದಿಲ್ಲ. ತೂತು ಬಿದ್ದದ್ದು, ಮೊಳಕೆಯೊಡೆದದ್ದು, ಕಹಿಯಾದದ್ದನ್ನು ಬೇರೆ ತೆಗೆದು, ಉಳಿದದ್ದನ್ನು ಅಲುಗಿಸಿದರೆ ಗಲಗಲ ಎನ್ನುವವರೆಗೆ ಬಿಸಿಲಿಗೆ ಹಾಕಬೇಕು. ಕೆಟ್ಟದ್ದನ್ನು ಎಮ್ಮೆಗೂ ಹಾಕಬಾರದು, ವಿಷ ಹಾಲಿಗೆ ಇಳಿಯುತ್ತದೆ.